ವರವು ಕಾವಲಿನಲ್ಲಿ ಮೀನು ಹಿಡಿಯಲು ಹೋಗಿ

ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಕೆಲವರಿಗೆ ಯೋಗ, ಕೆಲವರಿಗೆ ಸೈಟು, ಇನ್ನು ಕೆಲವರಿಗೆ ಪಂಚಾಯಿತಿ ಚುನಾವಣೆ. ಇವೆಲ್ಲ ಮರ್ಯಾದಸ್ಥರ ಹುಚ್ಚುಗಳು. ಮನೆಯವರು ಬೈದರೂ ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ನನಗೆ ಹಿಡಿದದ್ದು ಸಮುದ್ರದ ಮರಳ ದಂಡೆಯಲ್ಲಿ ನಿಂತು ಗಾಳ ಹಾಕಿ ಮೀನು ಹಿಡಿಯುವ ಹುಚ್ಚು. ನಾನಿರುವುದು ಚಳ್ಳಕೆರೆಯಲ್ಲಿ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಒಂದು ದಿನದ ದಾರಿ. ಊರಿನ ಹೆಸರಿನಲ್ಲೇನೋ ಕೆರೆ ಇದೆ. ಅದಕ್ಕೆ ನೀರು ಬಂದ ವರ್ಷ ನಾವು ಸಂಸಾರ ಸಮೇತ ನೋಡಲು ಹೋಗುತ್ತೇವೆ. ಇದು ಸಾಲದು ಎಂಬಂತೆ ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೀನು ತಿನ್ನುವುದು ಹಾಗಿರಲಿ, ಸಂತೆಯಲ್ಲಿ ಮೀನಿನ ಸಾಲು ಬಂದರೆ ನಮ್ಮವ್ವ ಸೆರಗು ಮೂಗಿಗೆ ಹಿಡಿದು ಎದುರು ಬೀದಿಯಿಂದ ಸುತ್ತಿಕೊಂಡು ಬರುತ್ತಾಳೆ.

ತಪ್ಪೆಲ್ಲ ಮೊಬೈಲಿನದು. ನನ್ನದು ಶೇಂಗಾ ಹಿಂಡಿ ಮಾರುವ ಅಂಗಡಿ. ಬೇಸಿಗೆಯ ಮಧ್ಯಾಹ್ನ ಚಳ್ಳಕೆರೆಯ ಬಿಸಿಲಿಗೆ ನಾಯಿ ಕೂಡ ಹಿಂಡಿ ಕೊಳ್ಳಲು ಬರುವುದಿಲ್ಲ. ಹಾಗೆ ಕೂತು ಬೆರಳಾಡಿಸುತ್ತಿದ್ದಾಗ ಒಂದು ವಿಡಿಯೋದಲ್ಲಿ ಒಬ್ಬ ಬಿಳಿಯ ಕಣ್ಣಿಗೆ ಬಿದ್ದ. ಚಡ್ಡಿ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾನೆ. ಉದ್ದನೆಯ ಕೋಲನ್ನು ಹೆಗಲ ಹಿಂದಕ್ಕೆ ತಂದು ಒಮ್ಮೆ ಬೀಸಿದ, ದಾರ ಸುಯ್ಯೆಂದು ಹಾರಿ ಅಲೆಗಳಾಚೆ ಬಿತ್ತು. ಸ್ವಲ್ಪ ಹೊತ್ತಿಗೆ ಅಂಗೈಯಗಲದ ಬೆಳ್ಳಿ ಬಣ್ಣದ ಮೀನನ್ನು ಎಳೆದು, ಮುದ್ದಾಗಿ ನೋಡಿ, ವಾಪಸ್ ನೀರಿಗೆ ಬಿಟ್ಟ. ಪರ್ಚ್ ಅಂತೆ ಅದರ ಹೆಸರು. ಹಿಡಿದು ಬಿಟ್ಟುಬಿಡುವುದು! ತಿನ್ನುವಂತಿಲ್ಲ, ಕೊಲ್ಲುವಂತಿಲ್ಲ. ಇದು ನಮ್ಮಂಥವರಿಗೆಂದೇ ಮಾಡಿಟ್ಟ ಆಟ ಎನಿಸಿಬಿಟ್ಟಿತು. ನನ್ನ ಬಾಯಲ್ಲಿ ನೀರೂರಿತು. ಹಸಿವಿನಿಂದಲ್ಲ, ಆ ತಂಪು ನೋಡಿ.

ಗಾಳದ ಕೋಲು ಅಂಗಡಿಯ ವಿಳಾಸಕ್ಕೇ ಬಂತು. ಮೂರು ತುಂಡು; ಜೋಡಿಸಿದರೆ ನನ್ನ ಎರಡರಷ್ಟು ಉದ್ದ. ಅದನ್ನು ಗೋಣಿಯಲ್ಲಿ ಸುತ್ತಿ, ಹೊಲದ ಡ್ರಿಪ್ ಪೈಪು ಎಂದು ಹೇಳಿ ಮನೆಯ ಅಟ್ಟಕ್ಕೆ ಸೇರಿಸಿದೆ. ಇಷ್ಟು ಹೆದರಿಕೆ ಯಾಕೆ ಎಂದು ನೀವು ಕೇಳಬಹುದು. ಹಿಂದೊಮ್ಮೆ ಮಗಳ ಹುಟ್ಟುಹಬ್ಬಕ್ಕೆ ನಾನು ತಂದ ಕೇಕಿನಲ್ಲಿ ಮೊಟ್ಟೆ ಇತ್ತೆಂದು ಅವ್ವನಿಗೆ ಯಾರೋ ಪುಣ್ಯಾತ್ಮರು ಊದಿದ್ದರು. ಅವ್ವ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಮೊಳಕಾಲ್ಮೂರಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿಬಿಟ್ಟಳು. ಇಡೀ ಬೇಸಿಗೆ ಮನೆ ಬಿಕೋ ಅನ್ನುತ್ತಿತ್ತು. ಬೈಯುವವರಿಲ್ಲದೆ ನನಗೆ ಬೆಳಗಾಗುತ್ತಿರಲಿಲ್ಲ. ನನ್ನ ಹೆಂಡತಿ ಗಿರಿಜೆಯೂ ಬೈಯುತ್ತಾಳೆ, ಆದರೆ ಅವ್ವನ ಬೈಗುಳದ ಹದವೇ ಬೇರೆ. ಕಡೆಗೆ ಹೋಗಿ ಕಾಲು ಹಿಡಿದು ಕರೆತಂದೆ. "ಇನ್ನೊಂದು ಸಲ ಇಂಥದ್ದಾದ್ರೆ ಹೋದೋಳು ಹೋದಂಗೇ. ಕರಿಯೋಕೂ ಬರಬ್ಯಾಡ" ಅಂದಿದ್ದಳು. ಅವ್ವ ಅಂದದ್ದನ್ನು ಮಾಡುವವಳು. ಮೊಟ್ಟೆಗೇ ಹಾಗಾದರೆ ಮೀನಿಗೆ ಏನಾದೀತು, ನೀವೇ ಯೋಚಿಸಿ.

ಸಿದ್ದಾಪುರದಲ್ಲಿ ನಮಗೊಂದು ಹೊಲವಿದೆ. ಭಾನುವಾರ ಬೆಳಿಗ್ಗೆ "ಹೊಲಕ್ಕೆ ಹೋಗಿ ಬರ್ತೀನಿ" ಎಂದು ಬೈಕಿಗೆ ಗೋಣಿ ಕಟ್ಟಿ ಹೊರಡುತ್ತಿದ್ದೆ. ಬೈಕು ವರವು ಕಾವಲಿನ ಕಡೆ ತಿರುಗಿಕೊಳ್ಳುತ್ತಿತ್ತು. ಆ ಸಿದ್ದಾಪುರದ ಬಂಡೆಯ ಮೇಲೆ ಹಿಂದಿನ ಕಾಲದ ಚಕ್ರವರ್ತಿಯೊಬ್ಬ ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿಡಿ, ನಿಜ ಹೇಳಿ ಎಂಬರ್ಥದಲ್ಲಿ ಕೆತ್ತಿಸಿ ಹೋಗಿದ್ದಾನೆ. ಆ ಮಹಾರಾಯ ಹೇಳಿದ ಮೂರನ್ನೂ ನಾನು ಒಂದೇ ಬೆಳಿಗ್ಗೆ ತಿಂಡಿಗೆ ಮುಂಚೆ ಮುರಿಯುತ್ತಿದ್ದೆ.

ಕಾವಲು ಎಂದರೆ ಕಣ್ಣು ಹಾಯುವವರೆಗೂ ಹುಲ್ಲು. ಗಾಳಿ ಬೀಸಿದರೆ ಹುಲ್ಲು ಅಲೆಯಲೆಯಾಗಿ ಬಾಗುತ್ತದೆ. ನೀರಿಲ್ಲ ಅನ್ನುವುದೊಂದು ಬಿಟ್ಟರೆ ಸಮುದ್ರಕ್ಕೆ ಏನೂ ಕಡಿಮೆಯಿಲ್ಲ. ನಾನು ಪ್ಯಾಂಟು ಮಡಚಿ ನಿಲ್ಲುತ್ತಿದ್ದೆ. ಕೊಕ್ಕೆ ಕಟ್ಟುತ್ತಿರಲಿಲ್ಲ, ಕುರಿಗೆ ಸಿಕ್ಕಿಕೊಂಡರೆ ಕಷ್ಟ. ದಾರದ ತುದಿಗೆ ಅಂಗಡಿಯ ಹಳೆಯ ತೂಕದ ಬೊಟ್ಟು, ಸರ್ಕಾರಿ ಮೊಹರು ಇದ್ದದ್ದು. ಮೊದಮೊದಲು ಬೊಟ್ಟು ನನ್ನ ಬೆನ್ನಿಗೇ ಬಡಿಯುತ್ತಿತ್ತು. ಆಮೇಲಾಮೇಲೆ ಕೈ ಕುದುರಿತು. ಅಯ್ಯೋ, ಆ ಸುಖ ಹೇಗೆ ಹೇಳಲಿ! ಬೀಸಿದ ದಾರ ಸುಯ್ಯೆಂದು ಹೋಗುತ್ತಲೇ ಇರುತ್ತದೆ, ದೂರದಲ್ಲಿ ಜಿಂಕೆಗಳು ಮೇಯುವುದು ಬಿಟ್ಟು ತಲೆಯೆತ್ತಿ ನೋಡುತ್ತವೆ. ಹಿಂಡಿ ತೂಗುವವನನ್ನು ಹಾಗೆ ತಲೆಯೆತ್ತಿ ಯಾರು ನೋಡುತ್ತಾರೆ?

ಒಂದು ಭಾನುವಾರ ಗಾಳಿ ಜೋರಾಗಿತ್ತು. ಹುಮ್ಮಸ್ಸಿನಲ್ಲಿ ಎಂದೂ ಬೀಸದ ಹಾಗೆ ಬೀಸಿದೆ. ಬೊಟ್ಟು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಕುದಾಪುರದ ಕಡೆ ಈಗ ದೊಡ್ಡ ದೊಡ್ಡ ಸಂಸ್ಥೆಗಳು ಬಂದು ಉದ್ದುದ್ದ ಗೋಡೆ ಎದ್ದಿವೆಯಲ್ಲ, ಅಂಥದೊಂದು ಗೋಡೆಯನ್ನು ದಾಟಿ ಆಚೆ ಬಿತ್ತು. ಯಾವುದರ ಗೋಡೆ ಎಂದು ಹೇಳುವುದಿಲ್ಲ, ನನಗಾದದ್ದೇ ಸಾಕು. ದಾರ ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ. ಆಚೆಯಿಂದ ಯಾರೋ ವಾಪಸ್ ಎಳೆದರು. ಜೀವಮಾನದಲ್ಲಿ ಮೊದಲ ಸಲ ನನ್ನ ಗಾಳಕ್ಕೆ ಏನೋ ಸಿಕ್ಕಿತ್ತು, ಮತ್ತು ಅದಕ್ಕೆ ಮೀಸೆ ಇತ್ತು.

ಮೀಸೆಯವನು ಓಬಳೇಶ ಎಂಬ ಗಾರ್ಡು. ಸುತ್ತಿ ಬಂದು ನನ್ನನ್ನೂ ಕೋಲನ್ನೂ ಗೇಟಿನ ಕೋಣೆಗೆ ಒಯ್ದ.

"ಏನ್ ಮಾಡ್ತಿದ್ರಿ?"

"ಮೀನು ಹಿಡಿಯೋದು ಕಲೀತಿದ್ದೆ."

ಓಬಳೇಶ ಕಿಟಕಿಯಿಂದ ಕಾವಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. "ನೀರೆಲ್ಲೈತೆ?"

"ಕಲಿಯೋಕೆ ನೀರು ಬೇಕಾಗಿಲ್ಲ."

"ಕೊಕ್ಕೆ?"

"ಅದೂ ಬೇಕಾಗಿಲ್ಲ."

"ಮನೇಲಿ ಮೀನು ತಿಂತೀರಾ?"

"ಶಿವ ಶಿವ! ನಾವು ಮುಟ್ಟಲ್ಲ ಕಣಪ್ಪ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ನನ್ನ ಕಿವಿಗೇ ಅದು ಪಕ್ಕಾ ಕಳ್ಳನ ಮಾತಿನಂತೆ ಕೇಳಿಸಿತು. ಅಷ್ಟರಲ್ಲಿ ಅವನ ಸಾಹೇಬರು ಬಂದರು, ರಾಯದುರ್ಗದ ಕಡೆಯ ತೆಲುಗಿನವರು. ಬೊಟ್ಟಿನ ಮೊಹರನ್ನು ತಿರುತಿರುಗಿಸಿ ನೋಡಿ, "ಏಮಿಟಯ್ಯಾ ಇದಿ? ಗೌರ್ಮೆಂಟ್ ಸೀಲು ಬೇರೆ ಐತೆ. ಗೋಡೆ ಒಳಗೆ ಏನು ಅಳೀತಿದ್ದೀರಿ?" ಅಂದರು. ಹಿಂಡಿ ಅಳೆಯುವುದು ಎಂದೆ. ಅವರ ಹುಬ್ಬು ಇನ್ನೂ ಮೇಲೆ ಹೋಯಿತು. "ಮನೇಗೆ ಫೋನ್ ಹಾಕ್ರಿ. ನೀವು ಮೀನು ಹಿಡಿಯೋರು ಅಂತ ಅವರು ಹೇಳಿದ್ರೆ ಬಿಡ್ತೀನಿ. ಇಲ್ಲಾಂದ್ರೆ ಪೊಲೀಸರು ಬರ್ತಾರೆ."

ಮೀನು ಹಿಡಿಯುವವನೆಂದು ಮನೆಗೆ ಗೊತ್ತಾದರೆ ಅವ್ವ ಮೊಳಕಾಲ್ಮೂರಿಗೆ, ಗೊತ್ತಾಗದಿದ್ದರೆ ನಾನು ಸ್ಟೇಷನ್ನಿಗೆ. ಯೋಚಿಸಲು ಬಿಡದೆ ಓಬಳೇಶ ನನ್ನ ಫೋನಿನಲ್ಲಿ ನಂಬರು ನೋಡಿ ತನ್ನದರಿಂದ ಗಿರಿಜೆಗೆ ಹಚ್ಚಿ, ಸ್ಪೀಕರ್ ಹಾಕಿ, "ಅಮ್ಮಾ, ನಿಮ್ಮ ಯಜಮಾನ್ರು ಮೀನು ಹಿಡೀತಾರಾ?" ಎಂದು ಕೇಳಿಯೇಬಿಟ್ಟ.

ಗಿರಿಜೆಯ ದನಿ ಆ ಕೋಣೆಯ ತಗಡನ್ನು ಅದುರಿಸಿತು. "ಯಾವನ್ ಲೇ ನೀನು? ಯಾರ ಮನೆಗೆ ಫೋನ್ ಮಾಡಿ ಏನ್ ಕೇಳ್ತಿದ್ದೀಯಾ? ನಮ್ಮ ಮನೆತನದಾಗೆ ಮೀನಿನ ಹೆಸರು ಎತ್ತಿದೋರಿಲ್ಲ! ನಮ್ಮೋರು ಹೊಲಕ್ಕೆ ಹೋಗ್ಯಾರೆ. ಇಡ್ಲೇ ಫೋನು!"

ಸಾಹೇಬರು ನನ್ನ ಮುಖ ನೋಡಿದರು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ನನ್ನ ಮಾನ ಕಾಪಾಡಲು ಹೋಗಿ ನನ್ನನ್ನು ಜೈಲಿಗೆ ಕಳಿಸುವವಳಿದ್ದಳು. ನಾನೇ ಇನ್ನೊಮ್ಮೆ ಫೋನು ಮಾಡಿ, ಸಿಕ್ಕಿಬಿದ್ದಿದ್ದೇನೆ, ಅವ್ವನಿಗೆ ಹೇಳದೆ ಒಬ್ಬಳೇ ಬಾ ಎಂದು ಬೇಡಿಕೊಂಡೆ. ಕಾರು ಬಂತು. ಮುಂದಿನ ಸೀಟಿನಲ್ಲಿ ಅವ್ವನೇ ಕೂತಿದ್ದಳು. ಮನೆಯಲ್ಲಿ ಯಾರಾದರೂ ಗುಟ್ಟಾಗಿ ಚಪ್ಪಲಿ ಮೆಟ್ಟಿದರೆ ಅವ್ವನಿಗೆ ಮೊದಲು ಗೊತ್ತಾಗುತ್ತದೆ.

ಅವ್ವ ಒಳಗೆ ಬಂದು ನನ್ನನ್ನು ನೋಡಿದಳು, ಕೋಲನ್ನು ನೋಡಿದಳು, ಬೊಟ್ಟನ್ನು ನೋಡಿದಳು. ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ಸಾಹೇಬರು ಎದ್ದು ನಿಂತು, "ಅಜ್ಜೀ, ನಿಜ ಹೇಳ್ರಿ. ನಿಮ್ಮ ಮಗ ಮೀನು ಹಿಡಿಯೋರಾ, ಇಲ್ಲಾ ನಮ್ಮ ಗೋಡೆ ಒಳಗೆ ಕಣ್ಣು ಹಾಕೋಕೆ ಬಂದೋರಾ?" ಎಂದು ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಇವ್ನಾ?" ಅಂದಳು ಅವ್ವ. "ಸ್ವಾಮೀ, ಇವನಿಗೆ ಕಣ್ಣಿ ಹರ್ಕೊಂಡ ಕರ ಹಿಡಿಯೋಕೆ ಬರ್ಲಿಲ್ಲ. ನಿಂತಿರೋ ಬಸ್ಸು ಹಿಡಿಯೋಕೆ ಬರ್ಲಿಲ್ಲ. ಮದುವೇಲಿ ಹೆಣ್ಣಿನ ಕೈ ಹಿಡಿಯೋ ಅಂದ್ರೆ ಅಯ್ನೋರ ಕೈ ಹಿಡ್ಕೊಂಡು ನಿಂತ. ಇವನು ಮೀನು ಹಿಡೀತಾನಾ? ಇನ್ನ ಗೂಢಚಾರ ಅಂತೀರಲ್ಲ, ಅದಕ್ಕೆ ತಲೆ ಬೇಕಾಗ್ತೈತೆ. ಬ್ಯಾರೆ ಯಾರನ್ನಾದ್ರೂ ಹುಡುಕ್ರಿ."

ಗಿರಿಜೆ ಪಕ್ಕದಲ್ಲಿ ನಿಂತು ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು, ಅಯ್ಯನವರ ಕೈ ಬಂದಾಗ ಎರಡು ಸಲ. ಓಬಳೇಶ ಮೀಸೆ ಒರೆಸುವ ನೆಪದಲ್ಲಿ ಬಾಯಿ ಮುಚ್ಚಿಕೊಂಡ. ಸಾಹೇಬರು ಕೋಲು ವಾಪಸ್ ಕೊಟ್ಟು, "ಇನ್ನೊಂದು ಸಲ ಇತ್ತ ಬರಬೇಡ್ರಿ" ಎಂದು ಹೇಳಿ, ಅವ್ವನಿಗೆ ಚಹಾ ತರಿಸಿದರು. ನನಗೆ ತರಿಸಲಿಲ್ಲ.

ಕಾರಿನಲ್ಲಿ ಅವ್ವ ತೀರ್ಪು ಕೊಟ್ಟಳು. "ಚೀಲ ಕಟ್ಟೋಣ ಅಂತಲೇ ಇದ್ದೆ. ಆದ್ರೆ ಹಿಡಿದಿದ್ರೆ ತಾನೇ ಪಾಪ? ನಿನ್ನ ಕೈಯಾಗೆ ಆ ಕೋಲು ಇದ್ರೆಷ್ಟು, ಬಿಟ್ರೆಷ್ಟು. ಇಟ್ಕೋ. ಅದರ ತುದಿಗೆ ಒಂದು ಮೀನು ಕಂಡ ದಿನ ನಾನು ಮೊಳಕಾಲ್ಮೂರಿನ ಬಸ್ಸು ಹತ್ತಿದೆ ಅಂತ ತಿಳ್ಕೋ. ಮತ್ತೆ ಬರಲ್ಲ." ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಮಾಧಾನ, ಕಣ್ಣಲ್ಲಿ ನೀರೇ ಬಂತು. ಸಿಟ್ಟು ಮನೆಗೆ ಬಂದು ಉಂಡು ಮಲಗಿದ ಮೇಲೆ ಬಂತು.

ಆ ವರ್ಷದ ಕಾರ್ತಿಕದಲ್ಲಿ ಅವ್ವನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋದೆವು. ಹೊರಡುವಾಗ ಅವಳೇ, "ಆ ಕೋಲೂ ತಗೊಳ್ಳೋ, ಅಲ್ಲಿ ನಿಜವಾದ ನೀರೈತೆ, ಆಸೆ ತೀರ ಬಡ್ಕೊಂಡು ಬಾ" ಅಂದಳು. ದರ್ಶನ ಮುಗಿಸಿ ಸಂಜೆ ಕಡಲತೀರಕ್ಕೆ ಬಂದೆವು. ಅವ್ವ ಮರಳಿನ ಮೇಲೆ ಕೂತು ಜಪಕ್ಕೆ ಕಣ್ಣು ಮುಚ್ಚಿದಳು. ಗಿರಿಜೆ ಮಂಡಕ್ಕಿ ಹುಡುಕಿಕೊಂಡು ಹೋದಳು. ನಾನು ಪ್ಯಾಂಟು ಮಡಚಿ, ಈ ಸಲ ದಾರಕ್ಕೆ ಕೊಕ್ಕೆಯನ್ನೂ ಕಟ್ಟಿದೆ. ಬೇರೆಯವರೆಲ್ಲ ಅದಕ್ಕೆ ಸೀಗಡಿ ಸಿಕ್ಕಿಸುತ್ತಾರೆ. ನಾನು ನಮ್ಮ ಅಂಗಡಿಯ ಶೇಂಗಾ ಹಿಂಡಿ ಕಲಸಿ ಉಂಡೆ ಮಾಡಿದ್ದೆ. ಬೀಸಿದೆ. ಕಾವಲಿನಲ್ಲಿ ಪಟ್ಟ ಪಾಡು ವ್ಯರ್ಥವಾಗಲಿಲ್ಲ, ದಾರ ಮೂರನೆಯ ಅಲೆಯನ್ನೂ ದಾಟಿ ಹೋಯಿತು. ಬಲೆ ಸರಿ ಮಾಡುತ್ತಿದ್ದ ಒಬ್ಬಾತ "ವಾಹ್" ಅಂದ. ಮತ್ತೆ ಬೀಸಿದೆ, ಇನ್ನೂ ದೂರ. ಹಿಂಡಿ ಕರಗಿ ಬರುತ್ತಿತ್ತು, ಮೀನಿನ ಸುಳಿವಿಲ್ಲ. ಆಮೇಲೆ ಆ ಬಲೆಯವನೇ ಹೇಳಿದ, ಪರ್ಚ್ ಜಾತಿಯವು ಅಷ್ಟು ದೂರ ಇರುವುದೇ ಇಲ್ಲವಂತೆ. ಅಲೆ ಒಡೆಯುವ ಜಾಗದಲ್ಲಿ, ದಡದ ಹತ್ತಿರದ ತಗ್ಗಿನಲ್ಲಿ ಓಡಾಡುತ್ತವಂತೆ. ಅಷ್ಟು ಭಾನುವಾರ ನಾನು ಬೆವರು ಸುರಿಸಿ ಕಲಿತದ್ದು ಮೀನಿನ ತಲೆಯ ಮೇಲೆ ಹಾರಿಸುವ ವಿದ್ಯೆ.

ಕೈ ಸೋತಿತ್ತು. ಕೊನೆಯದೊಂದು ಎಂದು ಬೀಸಿದೆ, ಹಿಡಿ ಜಾರಿ ಉಂಡೆ ಎದುರಿಗೇ ಪಚಕ್ಕೆಂದು ಬಿತ್ತು. ನಾಚಿಕೆಯಿಂದ ದಾರ ಸುತ್ತಿಕೊಳ್ಳುವಷ್ಟರಲ್ಲಿ ಕೋಲು ಬಾಗಿತು. ಎಳೆದೆ. ಬಂತು. ಬಂದೇಬಿಟ್ಟಿತು ಕಣ್ರೀ! ಅಂಗೈಯಗಲ, ಬೆಳ್ಳಿ ಮೈ, ಮೈಮೇಲೆ ಬಾಗಿದ ಮೂರು ಕಪ್ಪು ಪಟ್ಟೆ. ಒಂದಲ್ಲ, ಎರಡಲ್ಲ, ಮೂರು! ನೇರ ಪೂಜೆಯಿಂದೆದ್ದು ವಿಭೂತಿ ಬಳಿದುಕೊಂಡು ಬಂದ ಹಾಗಿತ್ತು. ಸಮುದ್ರದಲ್ಲಿ ಅಷ್ಟು ಜಾತಿ ಮೀನುಗಳಿರುವಾಗ ನನ್ನ ಗಾಳಕ್ಕೆ ನಮ್ಮವನೇ ಸಿಗಬೇಕೆ? ಸಾಲದ್ದಕ್ಕೆ ಅದು "ಗೊರ್ ಗೊರ್" ಎಂದು ಗೊರಗುಟ್ಟತೊಡಗಿತು. ಮೀನು ಸದ್ದು ಮಾಡುತ್ತದೆ ಎಂದು ಮೊಬೈಲಿನ ಆ ಚಡ್ಡಿಯವನು ಹೇಳಿರಲಿಲ್ಲ. ಕೂಗಬೇಕು, ಕುಣಿಯಬೇಕು, ಓಬಳೇಶನಿಗೆ ಫೋಟೋ ಕಳಿಸಬೇಕು ಎಂದು ಮೈಯೆಲ್ಲ ತುಡಿಯುತ್ತಿತ್ತು.

"ಅದೇನೋ ಸದ್ದು?" ಹಿಂದಿನಿಂದ ಅವ್ವನ ದನಿ.

"ಹೊಟ್ಟೆ ಅವ್ವ. ಮಧ್ಯಾಹ್ನದ ಊಟ ಹಿಡಿಸಲಿಲ್ಲ" ಅಂದೆ. ಅವಳಿಗೆ ಬೆನ್ನು ಮಾಡಿ ನಿಂತು, ಟವೆಲಿನಲ್ಲಿ ಮೀನನ್ನು ಸುತ್ತಿ ಕೊಕ್ಕೆ ಬಿಡಿಸಿದೆ. ಕಿವಿರಿನ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು, ಹಲ್ಲು ಕಚ್ಚಿಕೊಂಡೆ. ನೀರಿಗೆ ಬಗ್ಗಿ ಬಿಟ್ಟೆ. ಹೋಗುವಾಗಲೂ ಒಮ್ಮೆ ಗೊರ್ ಅಂದು ಹೋಯಿತು, ಥೇಟ್ ನಮ್ಮ ಕಡೆಯ ಹಿರಿಯರ ಹಾಗೆ.

"ಏನಾದ್ರೂ ಸಿಕ್ತೇನೋ?"

"ಏನಿಲ್ಲವ್ವ."

ಮೊನ್ನೆ ಮೊಳಕಾಲ್ಮೂರಿನಿಂದ ತಂಗಿ ಬಂದಿದ್ದಳು. ಅವ್ವ ಎಲ್ಲರಿಗೂ ಬಡಿಸುತ್ತಾ, "ಅಷ್ಟು ದೊಡ್ಡ ಸಮುದ್ರದಾಗೆ ಇವನಿಗೊಂದು ಮೀನು ಸಿಗಲಿಲ್ಲ ನೋಡೇ. ಚಿನ್ನದಂಥ ಮಗ" ಎಂದು ಹೆಮ್ಮೆಯಿಂದ ಹೇಳಿದಳು. ತಂಗಿ ಬಿದ್ದು ಬಿದ್ದು ನಕ್ಕಳು. ಗಿರಿಜೆಯೂ ನಕ್ಕಳು. ನನ್ನ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಬೇರೆ ಯಾರಿಗೂ ಇಡದಷ್ಟು ಬೆಣ್ಣೆ ಇಟ್ಟಳು.

"ಹೌದವ್ವ, ನನ್ನ ಕೈಗೆಲ್ಲಿ ಸಿಗ್ತಾವೆ" ಎಂದು ಬೆಣ್ಣೆ ಸವರಿಕೊಂಡೆ.