ಮೀನು ತಿನ್ನದವರ ಮೀನು ಪರೀಕ್ಷೆ

ಮೀನಿನ ವಾಸನೆಯೂ ಸೇರದ ಮನೆಗೆ ಸೊಸೆಯಾಗಿ ಬಂದು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವಳಿಗೆ ಫಜೀತಿಗಳು ಮನೆ ಹುಡುಕಿಕೊಂಡು ಬರುತ್ತವೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಕರಾವಳಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಗೆಳತಿ ಕಾಗದ ಬರೆದಳು. ಹೊಟ್ಟೆ ಊದಿಸಿಕೊಳ್ಳುವ ಪರದೇಶಿ ಮೀನೊಂದು ನಮ್ಮ ಕಡಲಿಗೆ ನುಗ್ಗಿರುವ ಅನುಮಾನವಂತೆ. ವಿಷದ ಮೀನು, ಬೇಯಿಸಿದರೂ ವಿಷ ಹೋಗದು, ತಿಂದವರು ಉಳಿಯುವುದು ಕಷ್ಟ. ಐಸ್ ಪೆಟ್ಟಿಗೆಯಲ್ಲಿ ತುಮಕೂರಿಗೂ ಬಂದೀತು, ಕಣ್ಣಿಟ್ಟಿರು ಎಂದಿದ್ದಳು. ಗುರುತು ಮೂರು: ಮೈಗೆ ಹುರುಪೆ ಇಲ್ಲ, ಪಕ್ಕೆಯಲ್ಲಿ ಬೆಳ್ಳಿ ಪಟ್ಟಿ, ಮೇಲೆರಡು ಕೆಳಗೆರಡು ದಪ್ಪ ಹಲ್ಲು.

ಹಲ್ಲು

ಮಾರ್ಕೆಟ್ಟಿನ ಮೀನಿನ ಸಾಹೇಬರ ಅಂಗಡಿಗೆ ಮೂಗಿಗೆ ಸೆರಗು ಹಿಡಿದೇ ಹೋದೆ. ಒಂದೊಂದೇ ಮೀನಿನ ಬಾಯಿ ಬಿಡಿಸಿ ತೋರಿಸಿ ಎಂದೆ. ತಿನ್ನದವಳ ಮಾತು ಯಾರು ನಂಬುತ್ತಾರೆ? ಆದರೂ ಪಾಪ, ಎರಡು ಪೆಟ್ಟಿಗೆ ತೋರಿಸಿದರು. ಮೂರನೆಯದಕ್ಕೆ ಸುಸ್ತಾಗಿ ಕೂತರು.

"ಮೇಡಂ, ಹೆಣ್ಣು ನೋಡೋಕೆ ಬಂದೋರೂ ಇಷ್ಟು ಹಲ್ಲು ನೋಡಲ್ಲ."

ಜಾಡಿ

ಮೊದಲ ಊದುಮೀನು ಸಿಕ್ಕಿದ್ದು ಗುಬ್ಬಿ ಸಂತೆಯಲ್ಲಿ. ಹಲ್ಲು ನಾಲ್ಕಿದ್ದವು, ಬೆಳ್ಳಿ ಪಟ್ಟಿ ಇರಲಿಲ್ಲ. ಅಂದರೆ ನಮ್ಮ ಕಡಲಿನದೇ ಜಾತಿ, ವಿಷ ಇದಕ್ಕೂ ಇದೆ. ಹೋಲಿಸಿ ನೋಡಲು ಬೇಕಾಗುತ್ತದೆಂದು ಉಪ್ಪಿನಕಾಯಿ ಜಾಡಿಯಲ್ಲಿ ಔಷಧಿ ನೀರು ಹಾಕಿ ಮುಳುಗಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ಪಕ್ಕದ ಹೆಂಗಸು ಯಾವ ಉಪ್ಪಿನಕಾಯಿ ಎಂದು ಕೇಳಿದರು. ಉಪ್ಪಿನಕಾಯಲ್ಲ, ತಿಂದರೆ ಜೀವ ಹೋಗುವ ಮೀನು ಎಂದೆ. ಮನೆಯಲ್ಲಿ ಅತ್ತೆ ಇದ್ದಾರಾ ಎಂದರು. ಇದ್ದಾರೆ ಎಂದೆ. ಜಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮೆಲ್ಲಗೆ ನನ್ನ ಕೈ ಹಿಡಿದರು.

"ಸಮಾಧಾನ ಮಾಡ್ಕೊಳ್ಳಮ್ಮ. ಎಲ್ಲಾರ ಮನೆ ದೋಸೆನೂ ತೂತೇ."

ಪಾದಪೂಜೆ

ಜಾಡಿ ಹೊಸಿಲು ದಾಟಲು ಅತ್ತೆ ಬಿಡಲಿಲ್ಲ. ಅದು ಕಾಂಪೌಂಡ್ ಗೋಡೆಯ ಮೇಲೇ ಉಳಿಯಿತು. ಅನುಮಾನ ಬಂದಾಗಲೆಲ್ಲ ಸಾಹೇಬರು ಮೀನು ಹಿಡಿದು ಉಪ್ಪಾರಹಳ್ಳಿಯ ನಮ್ಮ ಗೇಟಿಗೆ ಬರತೊಡಗಿದರು. ನಾನು ಕೇಳುವ ಮೂರು ಪ್ರಶ್ನೆ ಒಳಗೆ ಕೂತ ಅತ್ತೆಗೆ ಬಾಯಿಪಾಠವಾಗಿದ್ದು ನನಗೆ ಗೊತ್ತೇ ಇರಲಿಲ್ಲ.

ಒಂದು ದಿನ ಮನೆಯಲ್ಲಿ ಮಠದ ಸ್ವಾಮಿಗಳ ಪಾದಪೂಜೆ. ನನ್ನ ಕೈಯಲ್ಲಿ ನೀರಿನ ತಂಬಿಗೆ. ಅಷ್ಟರಲ್ಲಿ ಗೇಟಿನಿಂದ ಸಾಹೇಬರ ದನಿ.

"ಮೇಡಂ, ಕುಣಿಗಲ್ ಟೆಂಪೊ ಕಾಯ್ತಾ ಐತೆ. ನಾಮಕರಣದ ಊಟಕ್ಕೆ ಹೋಗೋ ಮೀನು, ಒಸಿ ನೋಡ್ಬುಡಿ."

ನನಗೆ ಏಳಲೂ ಆಗದು, ಕೂರಲೂ ಆಗದು. ಆಗ ಎದ್ದವರು ಅತ್ತೆ.

"ಬುದ್ಧಿ, ಒಂದ್ನಿಮಿಷ. ನಾವು ತಿನ್ನೋಕಲ್ಲ, ತಿನ್ನೋರು ಬದುಕ್ಲಿ ಅಂತ."

ಸ್ವಾಮಿಗಳು ನಕ್ಕರು. "ಹೋಗ್ಬನ್ನಿ ತಾಯಿ. ಪಾದ ಇಲ್ಲೇ ಇರ್ತವೆ."

ಅತ್ತೆ ಗೇಟಿಗೆ ಹತ್ತು ಮಾರು ದೂರ ನಿಂತು ವಿಚಾರಣೆ ಶುರು ಮಾಡಿದರು. ಹುರುಪೆ ಇಲ್ಲ. ಬೆಳ್ಳಿ ಪಟ್ಟಿ ಇದೆ. ಬಾಯಿ ತೆಗಿ ಎಂದು ಗದರಿದರು. ಸಾಹೇಬರು ಮೀನಿನ ಬಾಯಿ ಬಿಡಿಸಿ ಗಟ್ಟಿಯಾಗಿ ಎಣಿಸತೊಡಗಿದರು. ನನ್ನ ಪಕ್ಕ ಕೂತಿದ್ದ ಗಂಡ ತಮ್ಮ ಬಾಯನ್ನೂ ತೆಗೆದರು, ಹುಟ್ಟಿದಾಗಿನ ಅಭ್ಯಾಸ.

ಮೇಲೆರಡು, ಕೆಳಗೆರಡು! ಆ ಪೆಟ್ಟಿಗೆ ಮಣ್ಣಿಗೆ ಹೋಯಿತು, ಕುಣಿಗಲ್ಲಿಗೆ ಬೇರೆ ಮೀನು ಹೋಯಿತು. ಮಗುವಿನ ಹೆಸರಿಟ್ಟು ಉಂಡವರೆಲ್ಲ ಸುಖವಾಗಿ ಮನೆ ಸೇರಿದರು. ಎತ್ತಿಟ್ಟ ಒಂದು ಮೀನನ್ನು ಗೆಳತಿಗೆ ಕಳಿಸಿದೆ. ಅದೇ ಪರದೇಶಿ, ಗುರುತಿಸಿದವರ ಹೆಸರು ತಿಳಿಸು, ವರದಿಯಲ್ಲಿ ಹಾಕಬೇಕು ಎಂದು ಉತ್ತರ ಬಂತು. ಹೆಮ್ಮೆಯಿಂದ ಅತ್ತೆಯ ಹೆಸರು ಬರೆದು ಓದಿ ಹೇಳಿದೆ.

ಅತ್ತೆ ವಿಭೂತಿ ಸರಿಮಾಡಿಕೊಂಡು ಯೋಚಿಸಿದರು.

"ಹೆಸರಿನ ಪಕ್ಕ ಶುದ್ಧ ಸಸ್ಯಾಹಾರಿ ಅಂತ ದಪ್ಪಕ್ಷರದಲ್ಲಿ ಬರಿ ಕಣೇ."