ಅಣ್ಣನ ಗ್ರೀಸು, ನನ್ನ ಬಾಯಿ

ನಮ್ಮಣ್ಣ ಮೈಸೂರು ದಾಟಿ ಆಚೆಗೆ ಹೋದವನೇ ಅಲ್ಲ. ಆದರೆ ಅಥೆನ್ಸಿನಲ್ಲಿ ಯಾವ ಬೀದಿ ತಿರುಗಿದರೆ ಮೀನಿನ ಮಾರ್ಕೆಟ್ಟು ಸಿಗುತ್ತದೆ, ಸಂತೆಯಲ್ಲಿ ಯಾವ ಮೂಲೆಗೆ ನಿಂತರೆ ನೆರಳು ಬೀಳುತ್ತದೆ ಅಂತ ಕೇಳಿ, ತಟ್ಟನೆ ಹೇಳುತ್ತಾನೆ! ನಮ್ಮೂರಿನ ಪೋಸ್ಟಾಫೀಸು ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಅದು ಜಾಗ ಬದಲಾಯಿಸಿ ಮೂರು ವರ್ಷವಾಯಿತು. ಅವನು ಇವತ್ತಿಗೂ ಕಾಗದ ಹಿಡಿದುಕೊಂಡು ಹಳೇ ಬಾಗಿಲನ್ನೇ ತಟ್ಟುತ್ತಾನೆ. ಅಲ್ಲೀಗ ಎಮ್ಮೆ ಕಟ್ಟುತ್ತಾರೆ.

ಅಣ್ಣ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕನಾಗಿದ್ದ. ಹದಿಮೂರು ವರ್ಷ ಅತಿಥಿ! ನಮ್ಮ ಕಡೆ ಅತಿಥಿ ಮೂರು ದಿನ ಉಳಿದರೆ ನಾಲ್ಕನೇ ದಿನಕ್ಕೆ ಸಾರು ನೀರಾಗುತ್ತದೆ. ಪ್ರತಿ ಜೂನ್‌ನಲ್ಲಿ ಶಾಲಾ ಸಮಿತಿಯವರು 'ಈ ವರ್ಷವೂ ಇವರೇ ಇರಲಿ' ಎಂದು ಬರೆದುಕೊಟ್ಟರೆ ಇರಬೇಕು, ಇಲ್ಲವಾದರೆ ಚೀಲ ಎತ್ತಿಕೊಂಡು ಹೊರಡಬೇಕು. ಮದುವೆ ಮಾಡಿಕೊಳ್ಳಲಿಲ್ಲ. ತಾನು ಪಾಠ ಮಾಡುವ ಎಂಟನೇ ತರಗತಿ ಬಿಟ್ಟರೆ ಅವನಿಗೆ ಇನ್ನೊಂದು ಪ್ರಪಂಚ ಇರಲಿಲ್ಲ. ನಾನು ಅವನ ತಂಗಿ, ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದವಳು. ಮನೆಯವರು ತೀರಿಕೊಂಡ ಮೇಲೆ ಮಗಳ ಕೈ ಹಿಡಿದುಕೊಂಡು ಅಣ್ಣನ ಮನೆಗೆ ಬಂದೆ. ಅವನೇ ಓಡಾಡಿ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಕೊಡಿಸಿದ.

ಎಂಟನೇ ತರಗತಿಯ ಪುಸ್ತಕದಲ್ಲಿ ಗ್ರೀಸಿಗೆ ಇರುವುದು ಕೆಲವೇ ಪುಟ. ಬೇರೆ ಮೇಷ್ಟರು ಒಂದು ವಾರದಲ್ಲಿ ದಾಟಿಬಿಡುತ್ತಾರೆ. ನಮ್ಮಣ್ಣ ಶ್ರಾವಣದಲ್ಲಿ ಒಳಗೆ ಹೋದವನು ಸಂಕ್ರಾಂತಿಯಾದರೂ ಹೊರಗೆ ಬರುತ್ತಿರಲಿಲ್ಲ!

ಮಕ್ಕಳಿಗೆ ನಗರ ರಾಜ್ಯ ಎಂದರೆ ಏನೆಂದು ತಿಳಿಯಬೇಕಲ್ಲ? ನಮ್ಮೂರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇದೆ. ಬಟ್ಟೆಬರೆಗೆ ನಂಜನಗೂಡು, ಕಾಗದಪತ್ರಕ್ಕೆ ನರಸೀಪುರ. ಅಣ್ಣ ಎರಡನ್ನೂ ಎರಡು ದೇಶ ಮಾಡಿಬಿಟ್ಟ. ಭಾಷೆ ಒಂದೇ, ದೇವರು ಒಂದೇ, ಹೊಳೆ ನೀರೂ ಒಂದೇ. ಆದರೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ವ್ಯಾಪಾರ, ಮಾತು, ಓದು ಎಲ್ಲ ಇರುವ ನಂಜನಗೂಡು ಅಥೆನ್ಸು. ನರಸೀಪುರ ಸ್ಪಾರ್ಟಾ. ಯಾಕಣ್ಣ ಎಂದರೆ, "ಅಲ್ಲಿ ಬಸ್ಸಿಗೆ ಸೀಟು ಹಿಡಿಯೋದ ನೋಡಿದ್ದೀಯಾ? ಯೋಧರು ಕಣಮ್ಮಿ!" ಅಂದ.

ಪಾಠ ಶಾಲೆಯಲ್ಲೇ ನಿಂತಿದ್ದರೆ ಪರವಾಗಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ಕಂಡಕ್ಟರಿಗೆ, "ಸ್ಪಾರ್ಟಾಗೆ ಎರಡು" ಅಂದ!

"ಯಾವ್ ಸ್ಟಾಪು ಸಾ ಅದು? ಹೆಡತಲೆ ಕಡೆದಾದ್ರೆ ಈ ಬಸ್ ಓಗಕಿಲ್ಲ, ಇಳೀರಿ."

"ನರಸೀಪುರ ಕಣಪ್ಪ."

"ಅಂಗಂತ ಏಳಿ ಮತ್ತೆ!"

ನನಗೆ ಹೆಂಗಸರ ಪುಕ್ಕಟೆ ಟಿಕೆಟ್ಟು ಕೊಟ್ಟ. ಅಣ್ಣನಿಗೆ ಖುಷಿಯೋ ಖುಷಿ. "ನೋಡ್ದಾ ಅಮ್ಮಿ? ಸ್ಪಾರ್ಟಾದಲ್ಲಿ ಹೆಂಗಸ್ರಿಗೆ ಎಷ್ಟು ಸ್ವಾತಂತ್ರ್ಯ! ಅಥೆನ್ಸಲ್ಲಾಗಿದ್ರೆ ನಿನ್ನ ಹೊಸ್ಲು ದಾಟಕ್ಕೂ ಬಿಡ್ತಿರ್ಲಿಲ್ಲ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ಹಿಂದಿನ ಸೀಟಿನ ಅಜ್ಜಿ ಬಗ್ಗಿ ನನ್ನ ಭುಜ ಸವರಿ, "ಅಂಥಾ ಮನೆಗೆ ಯಾಕ್ ಕೊಟ್ರವ್ವಾ ನಿನ್ನ?" ಅಂತ ಕಣ್ಣೊರೆಸಿಕೊಂಡಳು.

ಅಥೆನ್ಸಿನ ಪ್ರಜಾಪ್ರಭುತ್ವದ ಬಗ್ಗೆ ನನಗೂ ಪಾಠವಾಗಿದೆ, ಹುರುಳಿಕಾಯಿ ಬಿಡಿಸುತ್ತಿದ್ದಾಗ. "ಎಲ್ರೂ ಗುಡ್ಡದ ಮೇಲೆ ಸೇರಿ ಕೈ ಎತ್ತಿ ತೀರ್ಮಾನ ಮಾಡ್ತಿದ್ರು, ಗೊತ್ತಾ?" ಅಂದ.

"ಎಲ್ರೂ ಅಂದ್ರೆ? ಅಡಿಗೆ ಮಾಡೋರೂನಾ?"

"ಹೆಂಗಸ್ರಿಗೆ ಇರ್ಲಿಲ್ಲ. ಗುಲಾಮ್ರಿಗೂ ಇಲ್ಲ. ಪರಊರಿಂದ ಬಂದು ಸೇರ್ಕೊಂಡೋರ್ಗೂ ಇಲ್ಲ."

"ಅದ ನೋಡಕ್ಕೆ ಅಥೆನ್ಸಿಗ್ಯಾಕೆ ಹೋಗ್ಬೇಕಣ್ಣ? ನಮ್ಮೂರ ಅರಳಿಕಟ್ಟೆ ಸಾಕಲ್ಲ!"

ಅಣ್ಣ ಜೇಬಿನಿಂದ ಚೀಟಿ ತೆಗೆದು ಅದನ್ನು ಬರೆದುಕೊಂಡ. ನಾನು ಹೇಳಿದ್ದನ್ನು ಬರೆದುಕೊಂಡವನು ಈ ಭೂಮಿಯ ಮೇಲೆ ಅವನೊಬ್ಬನೇ.

ದೇವತೆಗಳ ಕತೆಯೂ ಕಡಿಮೆಯಲ್ಲ. ಜಿಯೂಸ್ ಎಂಬ ದೊಡ್ಡ ದೇವರಿಗೆ ತಾಳಲಾರದ ತಲೆನೋವು ಬಂದು, ತಲೆ ಸೀಳಿದಾಗ ಒಳಗಿನಿಂದ ಅಥೀನಾ ಎಂಬ ಮಗಳು ಕವಚ ತೊಟ್ಟು ಈಟಿ ಹಿಡಿದು ಎದ್ದು ಬಂದಳಂತೆ. ಮಕ್ಕಳು ಬಾಯಿ ತೆರೆದುಕೊಂಡು ಕೇಳಿದವು. ಮಾರನೇ ದಿನ ನಮ್ಮ ಹೆಡ್ ಮೇಡಂ ತಲೆನೋವು ಅಂತ ಅಮೃತಾಂಜನ ಹಚ್ಚಿಕೊಂಡು ಮೇಜಿಗೆ ಒರಗಿದ್ದರು. ಎಂಟನೇ ಕ್ಲಾಸಿನ ಅಷ್ಟೂ ಮಕ್ಕಳು ಬಾಗಿಲಲ್ಲಿ ಗುಂಪು ಕಟ್ಟಿಕೊಂಡು ನಿಂತವು. "ಏನ್ರೋ?" ಎಂದು ಮೇಡಂ ಗದರಿದರೆ ಒಂದು ಹುಡುಗಿ ಮೆಲ್ಲಗೆ, "ಏನಿಲ್ಲ ಮಿಸ್, ಈಚಿಗ್ ಬರೋದ ನೋಡವ ಅಂತ" ಅಂದಳು!

ಸ್ಪಾರ್ಟಾದ ಪಾಠಕ್ಕೆ ನನ್ನನ್ನೂ ಎಳೆದುಕೊಂಡ. ಅಲ್ಲಿಯವರು ಕಪ್ಪು ಸಾರು ಅಂತ ಒಂದು ಕುಡಿಯುತ್ತಿದ್ದರಂತೆ. ರುಚಿ ನೋಡಿದ ಪರಊರವನೊಬ್ಬ, ಈ ಜನ ಸಾಯಲು ಯಾಕೆ ಹೆದರುವುದಿಲ್ಲ ಅಂತ ಈಗ ತಿಳಿಯಿತು ಅಂದನಂತೆ. "ಅಂಥದ್ದೊಂದು ಕೆಟ್ಟ ಸಾರು ಮಾಡು ಅಮ್ಮಿ, ಮಕ್ಕಳಿಗೆ ಸ್ಪಾರ್ಟಾದ ಕಷ್ಟ ನಾಲಿಗೆಗೆ ತಿಳೀಲಿ" ಅಂದ. ಕೆಟ್ಟ ಸಾರು ಮಾಡು ಅಂದರೆ ಹೇಗೆ ಮಾಡುವುದು? ಕೈಗೆ ಅಭ್ಯಾಸ ಬೇಡವೇ? ಕಪ್ಪಗಿರುವುದು ಅಂತ ಹುರುಳಿಕಟ್ಟಿನ ಸಾರು ಮಾಡಿಟ್ಟೆ. ಮಕ್ಕಳು ಎರಡೆರಡು ಸಲ ತಟ್ಟೆ ಹಿಡಿದು ಸಾಲಿಗೆ ನಿಂತವು. ಅಣ್ಣ ಹತಾಶನಾಗಿ ಆ ಪರಊರವನ ಮಾತು ಹೇಳಿದರೆ, ಒಬ್ಬ ಹುಡುಗ ಬೆರಳು ನೆಕ್ಕುತ್ತಾ, "ಈ ಸಾರು ಉಂಡ್ರೆ ಸಾಯಕ್ಕೇ ಮನ್ಸು ಬರಕಿಲ್ಲ ಸಾ" ಅಂದ. ಸ್ಪಾರ್ಟಾ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಡಕೆ ಚೂರಿನದು. ಅಥೆನ್ಸಿನಲ್ಲಿ ಯಾರದಾದರೂ ಕೈ ಮೇಲಾಗುತ್ತಿದೆ ಅನ್ನಿಸಿದರೆ, ಜನ ಒಡೆದ ಮಡಕೆಯ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರಂತೆ. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ಅಣ್ಣ ಕುಂಬಾರರ ಮನೆ ಹಿತ್ತಲಿನಿಂದ ಒಂದು ಮೂಟೆ ಚೂರು ಹೊತ್ತು ತಂದ. "ಯಾರ ಹೆಸರು ಬೇಕಾದ್ರೂ ಬರೀರಿ, ಗೆದ್ದೋರು ಹತ್ತು ನಿಮಿಷ ಬೇವಿನ ಮರದ ಕೆಳಗೆ ಕೂತ್ಕೋಬೇಕು" ಅಂದ. ಎಣಿಸಿ ನೋಡಿದರೆ ಒಂದೆರಡು ಬಿಟ್ಟು ಎಲ್ಲದರಲ್ಲೂ 'ಗಣಿತ' ಎಂದಿತ್ತು! ಗಣಿತದ ಮೇಷ್ಟರು ಅಣ್ಣನ ಜೊತೆ ಹದಿನೈದು ದಿನ ಮಾತಾಡಲಿಲ್ಲ. ಅಣ್ಣ ಮಾತ್ರ, "ಮಕ್ಕಳಿಗೆ ಎಷ್ಟು ಚೆನ್ನಾಗಿ ಅರ್ಥ ಆಗಿದೆ ನೋಡು!" ಅಂತ ಊಟ ಬಿಟ್ಟು ಕುಣಿದಾಡಿದ.

ನಗು ಬಂತೇ? ಬರುತ್ತದೆ. ನಾನು ಹೇಳಿದರೆ ಎಲ್ಲರಿಗೂ ಬರುತ್ತದೆ. ನಾನು ಒಪ್ಪಿಕೊಳ್ಳಬೇಕಾದ ತಪ್ಪು ಅದೇ.

ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ಇನ್ನಿಬ್ಬರು ಹೆಂಗಸರು. ಸೊಪ್ಪು ಸೋಸುತ್ತಾ ದಿನಾ ಅಣ್ಣನ ಒಂದು ಕತೆ ಹೇಳುತ್ತಿದ್ದೆ. ಮೊದಮೊದಲು ನಡೆದದ್ದಷ್ಟೇ ಹೇಳಿದೆ. ನಗು ಸಾಲದು ಅನ್ನಿಸಿದಾಗ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕಿದೆ. "ನಮ್ಮಣ್ಣ ಮನೇಲಿ ಆ ಅಥೀನಾ ಫೋಟೋ ಮಡಗಿ ಗಂಧದಕಡ್ಡಿ ಹಚ್ಚಿ ಪೂಜೆ ಮಾಡ್ತಾನೆ ಕಣ್ರವ್ವ, ಮಂಗಳಾರತಿ ತಗೊ ಅಂತ ನನ್ನೂ ಕರೀತಾನೆ" ಅಂದೆ. ಆ ದಿನ ಅವರು ನಕ್ಕ ನಗುವಿಗೆ ಪಾತ್ರೆ ಅಲುಗಾಡಿತು. ನಾನೂ ನಕ್ಕೆ. ಅದು ಶುದ್ಧ ಸುಳ್ಳು. ನಮ್ಮ ಮನೆಯಲ್ಲಿ ಅಂಥ ಫೋಟೋವೇ ಇಲ್ಲ.

ಅಡುಗೆಮನೆಯ ಕತೆ ನಲ್ಲಿಕಟ್ಟೆಗೆ ಹೋಯಿತು. ನಲ್ಲಿಕಟ್ಟೆಯಿಂದ ಡೈರಿಗೆ, ಡೈರಿಯಿಂದ ಪಕ್ಕದೂರಿಗೆ.

ಜೂನ್ ಬಂತು. ಸಮಿತಿಯ ಸಭೆ ಸೇರಿತು. ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದುದರಿಂದ ಪೋಷಕರ ಲೆಕ್ಕದಲ್ಲಿ ನಾನೂ ಸದಸ್ಯೆ. ಹೆಂಗಸರ ಜಾಗ ತುಂಬಬೇಕಿತ್ತು, ಕೈ ಒರೆಸಿಕೊಂಡು ಬಂದು ಕೂರುವಷ್ಟು ಹತ್ತಿರ ಇದ್ದವಳು ನಾನೇ. ಅಧ್ಯಕ್ಷರು ಟ್ರ್ಯಾಕ್ಟರ್ ಇಟ್ಟುಕೊಂಡಿರುವವರು, ಕೆಟ್ಟವರೇನಲ್ಲ. ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೇ, ನೀವು ಒಳ್ಳೇರೇ. ಆದ್ರೆ ನಮ್ ಇಸ್ಕೂಲು ಅಂದ್ರೆ ಸುತ್ತ ಅಳ್ಳಿಯೋರು ನಗ್ತಾವ್ರೆ. ಐಕ್ಳು ಪುಸ್ತಕಾನೂ ಮುಗಿಸ್ನಿಲ್ಲ. ಈ ವರ್ಸ ಬ್ಯಾರೇರ ನೋಡವ ಅಂತ" ಅಂದರು. ಆಮೇಲೆ ಅಕ್ಕಪಕ್ಕ ನೋಡಿದರು. ನಡಾವಳಿ ಬರೆಯಬೇಕಲ್ಲ? ಹದಿಮೂರು ವರ್ಷದಿಂದ ಆ ಪುಸ್ತಕ ಬರೆಯುತ್ತಿದ್ದವನು ಅಣ್ಣ.

"ಬೇಜಾರ್ ಮಾಡ್ಕಬ್ಯಾಡಿ, ನೀವೇ ಬರ್ದ್‌ಬುಡಿ ಸಾ. ನಮ್ ಅಕ್ಸರ ನಮ್ಗೇ ಓದಕ್ಕಾಗಕಿಲ್ಲ."

"ಅದಕ್ಕೇನಂತೆ, ಹೇಳಿ" ಎಂದು ಅಣ್ಣ ಪೆನ್ನಿನ ಕ್ಯಾಪು ತೆಗೆದ!

ಅಧ್ಯಕ್ಷರು ಒಂದೊಂದಾಗಿ ಹೇಳಿದರು. ಒಂದು, ಮಕ್ಕಳಿಗೆ ಕಪ್ಪು ಸಾರು ಕುಡಿಸಿದ್ದು. ಎರಡು, ಮಡಕೆ ಚೂರಿನಲ್ಲಿ ಗಣಿತಕ್ಕೆ ಅವಮಾನ ಮಾಡಿಸಿದ್ದು. ಮೂರು, ಬಸ್ಸಿನಲ್ಲಿ ಇಲ್ಲದ ಊರಿಗೆ ಟಿಕೆಟ್ ಕೇಳಿದ್ದು. ಒಂದೊಂದೂ ನನ್ನದೇ ಮಾತು, ನಾನು ನಗಿಸಲು ಎಲ್ಲಿ ನಿಲ್ಲಿಸುತ್ತಿದ್ದೆನೋ ಅಲ್ಲೇ ನಿಲ್ಲಿಸಿ ಹೇಳುತ್ತಿದ್ದರು. ಯಾರೂ ನಗಲಿಲ್ಲ. ಅಣ್ಣ ದುಂಡಗೆ ಬರೆಯುತ್ತಾ ಹೋದ. ನಡುವೆ ಒಂದು ಸಲ ತಲೆಯೆತ್ತಿ, "'ಕಿತ್ತಾಕಬೇಕು' ಅಂತ ಬೇಡ ಅಧ್ಯಕ್ಷರೇ, 'ಮುಂದುವರಿಸುವುದು ಬೇಡ' ಅಂತ ಬರೀತೀನಿ. ಇಲ್ದಿದ್ರೆ ಆಫೀಸ್ನೋರು ವಾಪಸ್ ಕಳಿಸ್ತಾರೆ" ಅಂದ. ಸದಸ್ಯರೊಬ್ಬರು, "ನೋಡಿ, ಮೇಷ್ಟ್ರು ಇದ್ರೆ ಎಲ್ಲಾ ಸಲೀಸು!" ಎಂದು ತಲೆದೂಗಿದರು.

"ನಾಕ್ನೇದು, ಮನೇಲಿ ಯಾವ್ದೋ ಗ್ರೀಕ್ ದ್ಯಾವ್ರ ಫೋಟೋ ಮಡಗಿ, ಗಂಧದಕಡ್ಡಿ ಹಚ್ಚಿ, ಮಂಗಳಾರತಿ ಮಾಡ್ತಾರಂತೆ."

ಪೆನ್ನು ನಿಂತಿತು. ನಮ್ಮ ಮನೆಯಲ್ಲಿ ಇರುವುದು ಮೂರೇ ಜನ. ಅಣ್ಣ ನನ್ನ ಕಡೆ ನೋಡಿದ. ನಾನು ಬಾಯಿ ತೆರೆದು, ಇದು ಸುಳ್ಳು, ನಾನೇ ಕಟ್ಟಿದ್ದು ಅಂದಿದ್ದರೆ ಸಾಕಿತ್ತು. ಉಳಿದ ಮೂರೂ ಪುಸಕ್ಕನೆ ಬಿದ್ದುಹೋಗುತ್ತಿದ್ದವು. ಆದರೆ ಊರವರ ಮುಂದೆ ಸುಳ್ಳುಗಾತಿ ಅನ್ನಿಸಿಕೊಳ್ಳಬೇಕಲ್ಲ? ಅಥೆನ್ಸಿನ ಹೆಂಗಸರಿಗೆ ಇಲ್ಲದಿದ್ದ ಕೈ ಎತ್ತುವ ಹಕ್ಕು ನನಗಿತ್ತು. ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತೆ.

ಅವನಾದರೂ 'ಇದು ನಿಜವಲ್ಲ' ಅನ್ನಬಹುದಿತ್ತು. ಅನ್ನಲಿಲ್ಲ. ತಲೆ ತಗ್ಗಿಸಿ ನಾಲ್ಕನೆಯದನ್ನೂ ಬರೆದ. ಪುಸ್ತಕ ಒಬ್ಬೊಬ್ಬರ ಮುಂದೆ ಹೋಗಿ ಕೊನೆಗೆ ನನ್ನ ಹತ್ತಿರ ಬಂತು. ನನಗೆ ಜಾಗ ತಿಳಿಯದಿದ್ದೀತು ಎಂದು ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಿ, "ಇಲ್ಲಿ ಅಮ್ಮಿ" ಅಂದ. ಸಹಿ ಹಾಕಿದೆ. ನನಗೆ ಆ ಸಹಿ ಮಾಡುವುದನ್ನು ತಿದ್ದಿ ಕಲಿಸಿದವನೂ ಅವನೇ.

ಈಗ ಅಣ್ಣ ದಿನಾ ಬೆಳಿಗ್ಗೆ ನರಸೀಪುರದ ತಾಲೂಕು ಕಚೇರಿ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಂದವರಿಗೆ ಅರ್ಜಿ ಬರೆದುಕೊಡುತ್ತಾನೆ. ಬಸ್ಸಿನಲ್ಲಿ ಸರಿಯಾದ ಊರಿಗೆ ಟಿಕೆಟ್ಟು ಕೇಳುತ್ತಾನೆ. ಸಂಜೆ ಬಂದು ಕೈಕಾಲು ತೊಳೆದು ಉಂಡು, ಮಗಳ ಹೋಂವರ್ಕ್ ನೋಡಿ ಮಲಗುತ್ತಾನೆ. ಎಲ್ಲರಂತೆ ಆಗಿದ್ದಾನೆ. ಊರವರು, "ನಿಮ್ಮಣ್ಣ ಈಗ ಸರಿಯಾದ ಬುಡವ್ವ" ಅನ್ನುತ್ತಾರೆ. ಅಡುಗೆಮನೆಯಲ್ಲಿ ಆ ಇಬ್ಬರು ಹೆಂಗಸರು, "ಏನಾರ ಏಳವ್ವ" ಎಂದು ಪೀಡಿಸುತ್ತಾರೆ. ಹೇಳಲು ಏನೂ ಇಲ್ಲ. ಅವನ ಬದಲಿಗೆ ಇನ್ನೂ ಯಾರೂ ಬಂದಿಲ್ಲ. ಎಂಟನೇ ತರಗತಿಯವರು ಆ ಪೀರಿಯಡ್ಡಿನಲ್ಲಿ ಸುಮ್ಮನೆ ಕೂತಿರುತ್ತಾರೆ.

ಹೋದ ವಾರ ಮಗಳ ಸ್ಕಾಲರ್‌ಶಿಪ್ಪಿಗೆ ಬೇಕಾದ ಆದಾಯದ ಸರ್ಟಿಫಿಕೇಟಿಗೆಂದು ನರಸೀಪುರಕ್ಕೆ ಹೋದೆ. ಅಣ್ಣ ನನ್ನನ್ನು ಪಕ್ಕದ ಕಟ್ಟೆಯ ಮೇಲೆ ಕೂರಿಸಿ, ಟೀ ತರಿಸಿಕೊಟ್ಟ. ಲೋಟ ಕೈಯಲ್ಲಿ ಹಿಡಿದು, ಇಷ್ಟು ದಿನ ಮನೆಯೊಳಗೆ ಆಡಲಾಗದ ಮಾತನ್ನು ಅಲ್ಲಿ ಬೀದಿಯಲ್ಲಿ ಆಡಿದೆ.

"ಅಣ್ಣ, ಆ ಗಂಧದಕಡ್ಡಿ ಕತೆ ನಾನೇ ಕಟ್ಟಿದ್ದು. ಎಲ್ಲಾ ಕತೆ ಹೊರಗೆ ಹೋಗಿದ್ದೂ ನನ್ನಿಂದ್ಲೇ."

"ಗೊತ್ತು ಬುಡಮ್ಮಿ."

"ಸಭೆ ದಿನ ಗೊತ್ತಾಯ್ತಾ?"

"ಮೊದ್ಲಿಂದ್ಲೂ ಗೊತ್ತು. ನನ್ನ ಕ್ಲಾಸಿಗೂ ಅಡಿಗೆಮನೆಗೂ ಮಧ್ಯ ಇರೋದು ಒಂದೇ ಗೋಡೆ. ಮೇಲ್ಗಡೆ ಗಾಳಿಗೆ ಅಂತ ಕಿಂಡಿ ಬಿಟ್ಟವ್ರೆ. ನೀನು ಹೇಳೋದೆಲ್ಲಾ ಕೇಳ್ತಿತ್ತು."

ಲೋಟವನ್ನು ಕಟ್ಟೆಯ ಮೇಲಿಟ್ಟೆ. "ಮತ್ಯಾಕಣ್ಣ ಬಾಯ್ಮುಚ್ಚು ಅನ್ನಲಿಲ್ಲ?"

ಅಣ್ಣ ಬರೆದು ಮುಗಿಸಿದ ಅರ್ಜಿಯನ್ನು ನಿಧಾನವಾಗಿ ಮಡಿಸಿದ. "ನಿನ್ ಗಂಡ ಹೋದ್ಮೇಲೆ ನೀನು ನಕ್ಕಿದ್ದೇ ಇಲ್ಲ ಕಣಮ್ಮಿ. ಒಂದಿನ ಪಾಠ ಮಾಡ್ತಾ ಇದ್ದಾಗ ಗೋಡೆ ಆಚೆಯಿಂದ ನಿನ್ ನಗು ಕೇಳ್ತು. ಮಕ್ಕಳಿಗೆ ಬರ್ಕೊಳಿ ಅಂತ ಹೇಳ್ಬುಟ್ಟು ಸುಮ್ನೆ ನಿಂತಿದ್ದೆ. ಆಮೇಲಿಂದ ನಾಳೆ ಏನು ಮಾಡಿದ್ರೆ ನೀನು ಹೇಳ್ಕೊಂಡು ನಗ್ತೀಯ ಅಂತ ನೋಡ್ಕೊಂಡೇ ಪಾಠ ತಯಾರು ಮಾಡ್ತಿದ್ದೆ. ಅರ್ಧ ಮಕ್ಕಳಿಗೆ, ಅರ್ಧ ನಿನಗೆ."

ಅಷ್ಟರಲ್ಲಿ ಖಾತೆ ಬದಲಾವಣೆಯ ಅರ್ಜಿಗೆ ಒಬ್ಬ ಮುದುಕ ಬಂದು ಕೈಮುಗಿದು ನಿಂತ. ಅಣ್ಣ ಹೊಸ ಹಾಳೆ ಎಳೆದುಕೊಂಡು, "ಹೆಸರು ಹೇಳಪ್ಪಾ" ಅಂದ.

ನಾನು ನಗಲು ನೋಡಿದೆ, ಅವನಿಗೆ ಕೇಳುವಷ್ಟು ಜೋರಾಗಿ. ಆಗಲಿಲ್ಲ.