ನನಗೆ ನೀರು ಕುಡಿಸಿದ ಕಂಪ್ಯೂಟರ್

ಕಂಪ್ಯೂಟರ್ ಕೆಟ್ಟರೆ ಸರಿ ಮಾಡಬಹುದು. ಅದನ್ನು ಇಟ್ಟುಕೊಂಡವರ ಮನೆಯಲ್ಲಿ ನಡೆಯುವುದನ್ನು ಸರಿ ಮಾಡುವ ಸ್ಕ್ರೂಡ್ರೈವರ್ ಮಾತ್ರ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಮೈಸೂರಿನ ಚಾಮರಾಜಪುರಂನ ಅಡ್ಡರಸ್ತೆಯಲ್ಲಿ ತೊಂಬತ್ತರ ದಶಕದಿಂದ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ ಇಟ್ಟುಕೊಂಡು ನಾನು ಕಲಿತದ್ದು ಇಷ್ಟೇ. ಫ್ಲಾಪಿಯನ್ನು ಕ್ಯಾಲೆಂಡರಿನ ಜೊತೆ ಮೊಳೆಗೆ ನೇತುಹಾಕಿದವರನ್ನು ನೋಡಿದ್ದೇನೆ. ಕೀಬೋರ್ಡನ್ನು ಪಾತ್ರೆಯ ಜೊತೆ ತೊಳೆದು ಬಿಸಿಲಿಗೆ ಒಣಹಾಕಿದವರನ್ನೂ ನೋಡಿದ್ದೇನೆ. ಅವನ್ನೆಲ್ಲ ಬಿಡಿ. ಒಂದೇ ಒಂದು ಕಂಪ್ಯೂಟರ್ ನನ್ನನ್ನು ಒಂದು ವರ್ಷ ಆಡಿಸಿತು, ಅದರ ವಿಚಾರ ಹೇಳುತ್ತೇನೆ.

ಜ್ವರ

ಶ್ರೀರಾಂಪುರದಲ್ಲಿ ಮದುವೆ ವಿಡಿಯೋ ಮಾಡುವ ಗಿರಾಕಿಯೊಬ್ಬರಿದ್ದರು. ಎರಡು ಸಾವಿರದ ಆಚೀಚಿನ ಮಾತು. ಮದುವೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ತಾಳಿ ಕಟ್ಟುವಾಗ ಹೃದಯದ ಆಕಾರದಲ್ಲಿ ಹೂ ಉದುರುವ ಹಾಗೆ ಮಾಡಿ, ಸಿ.ಡಿ. ಕೊಡುವುದು ಅವರ ಕಸುಬು. ಆ ಹೂ ಉದುರಿಸಲು ಕಂಪ್ಯೂಟರ್ ಇಡೀ ದಿನ ಏದುಸಿರು ಬಿಡುತ್ತಿತ್ತು. ಏಪ್ರಿಲ್ ಬಂದರೆ ಸಾಕು, ಕಾದು ಕೆಂಡವಾಗಿ ಮುಹೂರ್ತದ ಹೊತ್ತಿಗೆ ಸರಿಯಾಗಿ ತಾನಾಗಿಯೇ ಆಫ್ ಆಗುತ್ತಿತ್ತು.

ಒಂದು ದಿನ ಫೋನ್ ಬಂತು ಅಂತ ಹೋದೆ. ಕಂಪ್ಯೂಟರಿನ ಕ್ಯಾಬಿನೆಟ್ಟಿನ ಮೇಲೆ ನಾಲ್ಕು ಮಡಿಕೆ ಮಾಡಿದ ಒದ್ದೆ ಬಟ್ಟೆ. ನೀರು ಇನ್ನೇನು ಒಳಗೆ ಇಳಿಯಬೇಕು.

"ಯಾರ್ರೀ ಇದನ್ನ ಹಾಕಿದ್ದು?"

ಒಳಗಿನಿಂದ ಅವರ ತಾಯಿ ಬಂದರು. ಎಪ್ಪತ್ತು ದಾಟಿದ ಅಜ್ಜಿ, ಹಣೆ ತುಂಬ ವಿಭೂತಿ. "ನಾನೇ ಕಣಪ್ಪಾ. ಮುಟ್ಟಿ ನೋಡ್ದೆ, ಮೈ ಸುಡ್ತಿತ್ತು. ಇವನು ಚಿಕ್ಕೋನಿದ್ದಾಗ ಜ್ವರ ಬಂದ್ರೆ ಇಂಗೇ ಹಾಕ್ತಿದ್ದೆ, ಇಳೀತಿತ್ತು," ಎಂದರು.

ನಾನು ಬಟ್ಟೆ ತೆಗೆದು ಗಂಭೀರವಾಗಿ ಹೇಳಿದೆ, "ಅಮ್ಮಾ, ಕಂಪ್ಯೂಟರಿಗೂ ನೀರಿಗೂ ಆಗಿಬರಲ್ಲ."

ಅಷ್ಟರಲ್ಲಿ ಮಗ ಇಂಟರ್‌ನೆಟ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಒಂದು ಹಾಳೆ ತಂದು ನನ್ನ ಕೈಗಿಟ್ಟರು. ಅದರಲ್ಲಿ ಒಂದು ಕಂಪ್ಯೂಟರ್; ಹೊಟ್ಟೆಗೆ ಗಾಜು, ಒಳಗೆ ಬಣ್ಣದ ದೀಪ, ಪೈಪಿನಲ್ಲಿ ಹರಿಯುವ ನೀರು. "ಸಾರ್, ಫಾರಿನ್ನಲ್ಲಿ ನೀರಲ್ಲೇ ತಣ್ಣಗೆ ಮಾಡ್ತಾರಂತೆ. ನನಗೆ ಇಂಥದ್ದೇ ಮಾಡಿಕೊಡಿ. ನೋಡೋಕೆ ದಸರಾ ದೀಪ ಹಾಕಿದ ಅರಮನೆ ಥರ ಇರಬೇಕು."

ಅಜ್ಜಿ ನನ್ನ ಮುಖ ನೋಡಿದರು. ಒದ್ದೆ ಬಟ್ಟೆಯನ್ನು ಹಿಂಡಿಕೊಂಡು ಒಳಗೆ ಹೋದರು.

ಸಾಮಾನು

ಆ ಕಾಲಕ್ಕೆ ಮೈಸೂರಿನಲ್ಲಿ ನೀರಿನಿಂದ ತಣಿಯುವ ಕಂಪ್ಯೂಟರಿನ ಸಾಮಾನು ಸಿಗುತ್ತಿರಲಿಲ್ಲ. ಬೇರೆ ಬೇರೆ ಅಂಗಡಿಯಿಂದ ಕೂಡಿಹಾಕಬೇಕಿತ್ತು. ಲೆಕ್ಕ ಸುಲಭ. ಬಿಸಿಯಾಗುವ ಚಿಪ್ಪಿನ ಮೇಲೆ ತಾಮ್ರದ ಬಿಲ್ಲೆ, ಅದರೊಳಗೆ ಹರಿಯುವ ನೀರು, ನೀರು ತಳ್ಳಲು ಪಂಪು, ಬಿಸಿನೀರು ಆರಲು ಒಂದು ರೇಡಿಯೇಟರ್.

ಪಾತ್ರೆ ಅಂಗಡಿಯಲ್ಲಿ ದಪ್ಪ ತಾಮ್ರ ಕೇಳಿದೆ. "ಯಾವ ದೇವರಿಗೆ ಸಾರ್?" ಎಂದರು. ಅಕ್ವೇರಿಯಂ ಅಂಗಡಿಯಲ್ಲಿ ಪಂಪು ಕೇಳಿದೆ. "ಎಷ್ಟು ಮೀನಿದೆ?" ಎಂದರು. ಒಂದೂ ಇಲ್ಲ ಎಂದೆ. "ಹಾಗಾದ್ರೆ ಮೊದಲು ಮೀನು ತಗೊಳ್ಳಿ ಸಾರ್, ಪಂಪು ಆಮೇಲೆ," ಎಂದು ಬುದ್ಧಿ ಹೇಳಿದರು. ಇಲವಾಲದ ಹತ್ತಿರ ಗುಜರಿಯಲ್ಲಿ ಹಳೇ ಕಾರಿನ ಸಣ್ಣ ರೇಡಿಯೇಟರ್ ಸಿಕ್ಕಿತು. "ಯಾವ ಗಾಡಿಗೆ?" ಎಂದ ಗುಜರಿಯವನಿಗೆ ಕಂಪ್ಯೂಟರಿಗೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದಲ್ಲಿದ್ದವನಿಗೆ ಹೇಳಿದ: "ಸಾಹೇಬ್ರಿಗೆ ಮೊದಲು ಒಂದು ಟೀ ಕೊಡೋ, ಬಿಸಿಲಲ್ಲಿ ಬಂದವ್ರೆ."

ರೇಡಿಯೇಟರ್ ಒಳಗಿಟ್ಟರೆ ಕೋಣೆಯೇ ಕಾಯುತ್ತದೆ ಎಂದು ಅದನ್ನು ಕಿಟಕಿಯಾಚೆ ಹಿತ್ತಲ ಗೋಡೆಗೆ ಬಿಗಿಸಿದೆ. ಪೈಪು ಕಿಟಕಿಯಿಂದ ಆಚೆ ಹೋಗಿ ವಾಪಸು ಬರುತ್ತಿತ್ತು.

ನಕ್ಷತ್ರ

ಕ್ಯಾಬಿನೆಟ್ ಕತ್ತರಿಸಲು ಪರಿಚಯದ ಲೇತ್ ಮೇಸ್ತ್ರಿಯವರನ್ನು ಹಿಡಿದೆ. ಅವರ ಅಜ್ಜನ ಕಾಲದಿಂದ ಮೈಸೂರಿನಲ್ಲೇ ಇರುವ ಕ್ರೈಸ್ತ ಮನೆತನ. ಪ್ರತಿ ಕ್ರಿಸ್‌ಮಸ್ಸಿಗೆ ಚರ್ಚಿನ ಬಾಲಯೇಸುವಿನ ಗೋದಲಿಗೆ ದೀಪ ಹಾಕುವವರು ಅವರೇ. ದೀಪದ ಕೆಲಸವನ್ನೂ ಅವರಿಗೇ ವಹಿಸಿದ್ದು ನನ್ನ ತಪ್ಪು.

ಕೆಲಸ ಅಚ್ಚುಕಟ್ಟಾಗಿತ್ತು. ಪಕ್ಕದ ತಗಡು ಕೊಯ್ದು ಗಾಜಿನಂಥ ಅಕ್ರಿಲಿಕ್ ಕೂರಿಸಿದ್ದರು. ಅಂಚಿಗೆಲ್ಲ ಹಳದಿ ಬಲ್ಬು. ನೀರು ತುಂಬುವ ಗಾಜಿನ ಜಾಡಿಯನ್ನು ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಕೂರಿಸಿ, ಅದರ ಮುಚ್ಚಳವನ್ನೇ ಅರಮನೆಯ ಗೋಪುರ ಮಾಡಿದ್ದರು. ಗೋಪುರದ ಮುಂದೆ ಒಂದು ನಕ್ಷತ್ರ ಮಿನುಗುತ್ತಿತ್ತು.

"ಅರಮನೆಗೆ ನಕ್ಷತ್ರ ಯಾಕೆ ಮೇಸ್ತ್ರಿ?"

"ನಲವತ್ತು ವರ್ಷದಿಂದ ನಕ್ಷತ್ರ ಇಲ್ದೆ ಲೈಟಿಂಗ್ ಮಾಡಿಲ್ಲ ಸಾರ್. ಕೈ ಬರಲ್ಲ."

ಅಜ್ಜಿ ನೋಡಿ, "ಚೆನ್ನಾಗೈತೆ, ಇರಲಿ ಬುಡು," ಎಂದರು. ನಕ್ಷತ್ರ ಉಳಿಯಿತು.

ಆನ್ ಮಾಡುವ ದಿನ ಅಕ್ಕಪಕ್ಕದವರೆಲ್ಲ ಸೇರಿದ್ದರು. ಜಾಡಿಗೆ ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿ, ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಬೆರೆಸಿದೆ. ಯಾರೋ ಹಿಂದಿನಿಂದ, "ಸೋರಿದ್ರೆ ಏನ್ರೀ ಗತಿ?" ಎಂದರು. ಮೂರು ತಿಂಗಳು ಗುಜರಿ ಅಲೆದು ಸುಸ್ತಾದವನ ಬಾಯಿಗೆ ಬೀಗ ಇರುವುದಿಲ್ಲ. "ಒಂದೇ ಒಂದು ತೊಟ್ಟು ನೀರು ಆಚೆ ಬಂದ್ರೆ ಅಂಗಡಿ ಬಾಗಿಲು ಹಾಕಿಬಿಡ್ತೀನಿ!" ಎಂದುಬಿಟ್ಟೆ.

"ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಎಂದರು ಗಿರಾಕಿ, ನಗುತ್ತಲೇ. ಆದರೆ ಅವರ ನಗು ಅಷ್ಟು ನಂಬುವಂಥದ್ದಲ್ಲ.

ಬಟನ್ ಒತ್ತಿದೆ. ಅರಮನೆ ಝಗ್ ಅಂತ ಬೆಳಗಿತು. ಜನ ಚಪ್ಪಾಳೆ ತಟ್ಟಿದರು. ಐದು ನಿಮಿಷ ಕಳೆದರೂ ಮಾನಿಟರ್ ಮಾತ್ರ ಕಪ್ಪಗೇ ಇತ್ತು. ಕ್ಯಾಬಿನೆಟ್ ಬಿಚ್ಚಿದರೆ, ಕಂಪ್ಯೂಟರ್ ಆನ್ ಆಗಬೇಕಾದ ಬಟನ್ನಿನ ವೈರನ್ನು ಮೇಸ್ತ್ರಿ ನಕ್ಷತ್ರಕ್ಕೆ ಕೊಟ್ಟಿದ್ದರು.

"ಬಟನ್ ಒತ್ತಿದ್ರೆ ನಕ್ಷತ್ರ ಬರುತ್ತೆ ಸಾರ್. ಅದಕ್ಕಿಂತ ಇನ್ನೇನು ಬರಬೇಕಿತ್ತು?" ಎಂದರು ಅವರು.

ನಿಂಬೆಹಣ್ಣು

ವೈರ್ ಸರಿ ಮಾಡಿದ ಮೇಲೆ ಕಂಪ್ಯೂಟರ್ ಚೆನ್ನಾಗಿಯೇ ಓಡಿತು. ಮದುವೆಗಳ ಮೇಲೆ ಹೂ ಉದುರಿದ್ದೇ ಉದುರಿದ್ದು. ತಿಂಗಳಿಗೊಮ್ಮೆ ನಾನು ಹೋಗಿ, ಆರಿಹೋದ ನೀರಿನ ಬದಲು ಎರಡು ಚಮಚ ಹಾಕಿ ಬರುತ್ತಿದ್ದೆ. ಆಯುಧಪೂಜೆ ಬಂತು. ನನ್ನನ್ನು ಊಟಕ್ಕೆ ಕರೆದರು.

ನಾನು ಹೋಗುವ ಹೊತ್ತಿಗೆ ಅರಮನೆಗೆ ಮೂರೆಳೆ ವಿಭೂತಿ ಬಿದ್ದಿತ್ತು, ಗೋಪುರಕ್ಕೆ ಸೇವಂತಿಗೆ ಹಾರ. ಇಷ್ಟು ನನಗೂ ಅಭ್ಯಾಸ. ಆದರೆ ಗಿರಾಕಿಗೆ ಒಂದು ಕೊರಗು ಉಳಿದಿತ್ತು.

"ಸ್ಕೂಟರ್ ನಿಂಬೆಹಣ್ಣು ತುಳೀತು. ಪಕ್ಕದ ಮನೆಯವರ ಕಾರೂ ತುಳೀತು. ನಮಗೆ ಅನ್ನ ಹಾಕೋದು ಇದು. ಇದು ತುಳೀಬಾರ್ದಾ?"

"ಕಂಪ್ಯೂಟರಿಗೆ ಚಕ್ರ ಇಲ್ವಲ್ಲ ಸ್ವಾಮಿ," ಎಂದೆ.

"ಟೇಬಲ್ಲಿಗೆ ಇದೆಯಲ್ಲ."

ನಾನು ಬೇಡ ಅನ್ನುವಷ್ಟರಲ್ಲಿ ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು, ಇಬ್ಬರು ಸೇರಿ ಟೇಬಲ್ ತಳ್ಳಿದರು. ಮೊದಲ ಸಲ ಹಣ್ಣೇ ಮುಂದೆ ಉರುಳಿತು. ಎರಡನೇ ಸಲ ಜೋರಾಗಿ ತಳ್ಳಿದರು. ಹಣ್ಣು ಒಡೆಯಿತು, ಟೇಬಲ್ ಎರಡಡಿ ಮುಂದೆ ಬಂತು, ಕಿಟಕಿಯ ಪೈಪು ತಂತಿಯ ಹಾಗೆ ಬಿಗಿಯಿತು.

ನಾನು ಓಡಿಹೋಗಿ ಒಳಗೆಲ್ಲ ಮುಟ್ಟಿ ನೋಡಿದೆ. ಒಣಗಿಯೇ ಇತ್ತು. ಹಿತ್ತಲಿಗೆ ಹೋಗಿ ಆ ಕಡೆಯನ್ನೂ ನೋಡಬೇಕಿತ್ತು, ಒಪ್ಪುತ್ತೇನೆ. ಆದರೆ ಎಲೆಗೆ ಆಗಲೇ ಹೋಳಿಗೆ ಬಡಿಸಿದ್ದರು, ಮೇಲೆ ತುಪ್ಪವನ್ನೂ ಹಾಕಿಬಿಟ್ಟಿದ್ದರು.

ಕೈಗುಣ

ಅಲ್ಲಿಂದಾಚೆಗೆ ಒಂದು ವಿಚಿತ್ರ ನಡೆಯಿತು. ಜಾಡಿಯ ನೀರು ಇಳಿಯುವುದೇ ನಿಂತುಹೋಯಿತು. ತಿಂಗಳು ಬಿಟ್ಟು ಹೋದೆ, ನಾನು ಎಳೆದ ಗೆರೆಗೆ ಸರಿಯಾಗಿ ನೀರು. ಇನ್ನೊಂದು ತಿಂಗಳು ಬಿಟ್ಟು ಹೋದೆ, ಅಷ್ಟೇ ನೀರು. ಗಿರಾಕಿ ಇದು ನಿಂಬೆಹಣ್ಣಿನ ಮಹಿಮೆ ಎಂದರು. ನಾನು ನನ್ನ ಕೈಗುಣ ಎಂದುಕೊಂಡೆ. ಅಂಗಡಿಗೆ ಬಂದವರಿಗೆಲ್ಲ, "ಒಂದು ಹನಿ ಇಳಿದಿಲ್ಲ ಕಣ್ರೀ, ಜಾಯಿಂಟ್ ಅಂದ್ರೆ ಹಾಗಿರಬೇಕು," ಎಂದು ಕೊಚ್ಚಿಕೊಂಡೆ. ಕೇಸರಿ ಬಣ್ಣ ಮಾತ್ರ ಬರಬರುತ್ತ ತಿಳಿಯಾಗುತ್ತಿತ್ತು. ಅದು ದೀಪದ ಬೆಳಕಿಗೆ ಹಾಗಾಗುತ್ತದೆ ಎಂದು ಗಿರಾಕಿಗೆ ವಿವರಿಸಿದೆ. ಗೊತ್ತಿಲ್ಲದ್ದನ್ನು ವಿವರಿಸುವುದರಲ್ಲಿ ನನ್ನಂಥವರನ್ನು ಮೀರಿಸುವವರಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಪಂಪು ನಿಂತಿತು. ಬಿಚ್ಚಿದೆ. ಒಳಗೆ ಬಿಳೀ ಗಸಿ, ಅದರಲ್ಲಿ ತುಂಬೆ ಹೂವಿನ ಎಸಳು. ಬೆರಳಲ್ಲಿ ಉಜ್ಜಿ ಮೂಸಿ ನೋಡಿದೆ. ವಿಭೂತಿ.

ಅಜ್ಜಿಯನ್ನು ಕರೆದೆವು. ಅವರು ಬಚ್ಚಿಡಲಿಲ್ಲ. "ನಾನೇ ಕಣಪ್ಪಾ ದಿನಾ ಒಂದು ಬಟ್ಲು ಹಾಕ್ತೀನಿ. ಲಿಂಗಪೂಜೆ ನೀರು. ತುಳಿಯೋ ಕಡೆ ಚೆಲ್ಲಬಾರ್ದು, ಗಿಡಕ್ಕೇ ಹಾಕಬೇಕು. ಹಿತ್ತಲ ಮೆಟ್ಟಿಲು ಇಳಿಯೋಕೆ ಮಂಡಿ ಕೇಳಲ್ಲ."

"ಅವ್ವಾ, ಇದೇನು ಗಿಡವಾ?" ಎಂದು ಮಗ ಕೂಗಿದರು.

ಮೂರು ತಿಂಗಳು ನಾನು ಕೊಚ್ಚಿಕೊಂಡ ಕೈಗುಣ ಅಜ್ಜಿಯ ಬಟ್ಟಲಿನಲ್ಲಿತ್ತು. ನಾಚಿಕೆಯಾಯಿತು, ಸಿಟ್ಟೂ ಬಂತು. "ಅಮ್ಮಾ, ಕೈ ಮುಗೀತೀನಿ, ಇನ್ಮೇಲೆ ಒಂದು ತೊಟ್ಟೂ ಹಾಕಬೇಡಿ," ಎಂದೆ.

ಅಜ್ಜಿ ಸೆರಗು ಸರಿಮಾಡಿಕೊಂಡರು. "ಆಗಲಿ ಬುಡಪ್ಪಾ. ಬೇಡ ಅಂದೋನು ನೀನು."

ದೊಡ್ಡಪತ್ರೆ

ಪಂಪು ತೊಳೆದು, ಹೊಸ ನೀರು ತುಂಬಿಸಿ ಬಂದ ಎಂಟನೇ ದಿನ ಫೋನ್. "ಸಾರ್, ಜಾಡಿ ಖಾಲಿ! ಸ್ಕ್ರೀನಲ್ಲಿ ಮದುವೆ ಹುಡುಗ ತಾಳಿ ಎತ್ತಿಕೊಂಡು ನಿಂತಲ್ಲೇ ನಿಂತವನೆ. ನಾಳೆ ಸಿ.ಡಿ. ಕೊಡಬೇಕು!"

ಹೋದೆ. ಜಾಡಿಯಲ್ಲಿ ನಿಜಕ್ಕೂ ಒಂದು ಹನಿ ಇರಲಿಲ್ಲ. ಕ್ಯಾಬಿನೆಟ್ಟಿನೊಳಗೆ ಟಾರ್ಚ್ ಬಿಟ್ಟು ಹುಡುಕಿದೆ, ಎಲ್ಲಾ ಒಣ. ಗಿರಾಕಿ ಕೈಕಟ್ಟಿ ನಿಂತು, ಮೆಲ್ಲಗೆ ಕೇಳಿದರು. "ನೀರು ಎಲ್ಲೋ ಆಚೆ ಹೋಗಿರಬೇಕಲ್ಲ ಸಾರ್? ನೀವೇನೋ ಅಂಗಡಿ ಬಾಗಿಲು ಅಂತ ಅಂದಿದ್ರಿ, ಅವತ್ತು ಎಲ್ಲರ ಮುಂದೆ..."

ಅವರು ಅಂದದ್ದು ತಮಾಷೆಗಿರಬಹುದು. ಆದರೆ ಮಾತು ಆಡಿದ್ದು ಬೀದಿಯ ಮುಂದೆ. ಈ ಸುದ್ದಿ ಚಾಮರಾಜಪುರಂ ತಲುಪಿದರೆ ನಾನೇ ಹಾಕದಿದ್ದರೂ ಬಾಗಿಲು ತಾನಾಗಿ ಬೀಳುತ್ತದೆ. ನನಗೆ ಬೇರೆ ಕಸುಬು ಗೊತ್ತಿಲ್ಲ.

ಅಷ್ಟರಲ್ಲಿ ಅಜ್ಜಿ ಬಂದರು. "ಕೆಮ್ತಾ ಇದೀಯಲ್ಲಪ್ಪಾ, ಹಿತ್ತಲಲ್ಲಿ ದೊಡ್ಡಪತ್ರೆ ಐತೆ, ಬಾ, ನಾಕು ಎಲೆ ಕೊಡ್ತೀನಿ." ನಾನು ಕೆಮ್ಮಿರಲೇ ಇಲ್ಲ. ಆದರೂ ಎದ್ದು ಹೋದೆ. ಅವರು ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು.

ನಾನು ಬಿಗಿಸಿದ ರೇಡಿಯೇಟರಿನ ಕೆಳಗೆ ಒಂದು ಮಣ್ಣಿನ ಕುಂಡ. ಅದರ ತುಂಬ ಅಂಗೈಯಗಲದ ಎಲೆಯ ದೊಡ್ಡಪತ್ರೆ. ಮೇಲೆ ನಿಂಬೆಹಣ್ಣಿನ ದಿನ ಎಳೆದಾಡಿದ ಜಾಯಿಂಟ್. ಅದರ ಬಾಯಿಂದ ಕುಂಡಕ್ಕೆ ಸರಿಯಾಗಿ ಒಂದು ಕೇಸರಿ ಕಲೆ ಇಳಿದಿತ್ತು.

ನಾನು ಬೆರಳಿಟ್ಟು ಕಲೆ ಮುಟ್ಟಿ ನೋಡಿದೆ.

"ಹಬ್ಬದ ಮಾರನೇ ದಿನವೇ ಕಿಟಕೀಲಿ ನೋಡ್ದೆ," ಎಂದರು ಅಜ್ಜಿ, ದನಿ ತಗ್ಗಿಸಿ. "ತೊಟ್ಟಿಕ್ತಿತ್ತು. ನೀನು ನೋಡಿದ್ರೆ ಅಷ್ಟು ಜನರ ಮುಂದೆ ಬಾಗಿಲು ಹಾಕ್ತೀನಿ ಅಂದ್ಬುಟ್ಟಿದ್ದೆ. ಹೆಂಡ್ತಿ ಮಕ್ಕಳಿರೋನು. ಕೆಲಸದವಳ ಕೈಲಿ ಕುಂಡ ಇಡಿಸ್ದೆ, ನೆಲ ಒದ್ದೆ ಆಗಿದ್ದು ಇವನ ಕಣ್ಣಿಗೆ ಬೀಳಬಾರ್ದು ಅಂತ. ಸೋರಿದಷ್ಟು ಮೇಲೆ ಹಾಕ್ತಿದ್ದೆ. ಲಿಂಗಪೂಜೆ ನೀರೂ ಗಿಡಕ್ಕೆ ಸೇರ್ತಿತ್ತು, ನನ್ನ ಮಂಡಿಯೂ ಉಳೀತಿತ್ತು. ಎಲ್ಲಾ ಸರಿಯಾಗಿ ನಡೀತಿತ್ತು. ನೀನೇ ಬಂದು ಬೇಡ ಅಂದ್ಬುಟ್ಟೆ."

ಕಣ್ಣು ತುಂಬಿ ಬಂತು. ಮರೆಮಾಚಲು ರೇಡಿಯೇಟರಿನ ಕಡೆ ತಿರುಗಿ, ಪೈಪು ಬಿಗಿಯುವ ಕ್ಲಿಪ್ಪನ್ನು ಬಲವಾಗಿ ತಿರುಗಿಸಿದೆ. ಇನ್ನು ತೊಟ್ಟಿಕ್ಕುವ ಹಾಗಿರಲಿಲ್ಲ.

ಒಳಗೆ ಬಂದೆವು. ಜಾಡಿ ತುಂಬಿ ಆನ್ ಮಾಡಿದೆ. ಹುಡುಗ ತಾಳಿ ಕಟ್ಟಿದ, ಹೂ ಉದುರಿತು. "ಏನಾಗಿತ್ತು ಸಾರ್?" ಎಂದರು ಗಿರಾಕಿ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು, "ಆಗೋದೇನು ಕಣೋ? ಪೂಜೆ ನೀರು ನಿಲ್ಲಿಸ್ದೆ, ಒಣಗ್ತು."

ಮಗ ಕೆನ್ನೆ ಕೆನ್ನೆ ಬಡಿದುಕೊಂಡರು. "ತಪ್ಪಾಯ್ತು ಅವ್ವಾ! ನಾಳೆಯಿಂದ ಒಂದು ದಿನಾನೂ ತಪ್ಪಿಸಬೇಡ. ಏನಂತೀರಿ ಸಾರ್?"

ನಾನು ಏನಂತೀನಿ? "ಬಟ್ಟೇಲಿ ಸೋಸಿ ಹಾಕಿ ಅಮ್ಮಾ," ಎಂದೆ.

ಗೇಟಿನ ತನಕ ಬಂದ ಮೇಲೆ ಹೊಳೆಯಿತು. ದಿನಾ ಒಂದು ಬಟ್ಟಲು ಒಳಗೆ, ಆಚೆ ಹೋಗಲು ದಾರಿಯಿಲ್ಲ. ವಾರದೊಳಗೆ ಜಾಡಿ ಉಕ್ಕಿ ನೀರು ನೇರ ಮದರ್‌ಬೋರ್ಡಿಗೆ ಇಳಿಯುತ್ತದೆ. ಎಲೆ ಮರೆತೆ ಎಂದು ಹೇಳಿ ಹಿತ್ತಲಿಗೆ ವಾಪಸು ಹೋದೆ. ಸ್ಕ್ರೂಡ್ರೈವರ್ ತೆಗೆದು, ಅಷ್ಟು ಬಿಗಿಯಾಗಿ ಹಾಕಿದ್ದ ಕ್ಲಿಪ್ಪನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಕುಂಡದ ಎಲೆಯ ಮೇಲೆ ಟಪ್ ಅಂತ ಒಂದು ತೊಟ್ಟು ಬಿತ್ತು. ಕಿಟಕಿಯಲ್ಲಿ ನಿಂತಿದ್ದ ಅಜ್ಜಿ, ಇನ್ನೂ ಒಂಚೂರು ಎಂದು ಕೈಸನ್ನೆ ಮಾಡಿದರು. ಇನ್ನೂ ಒಂಚೂರು ಸಡಿಲ ಮಾಡಿದೆ.

ಮಾರನೇ ದಿನ ಹತ್ತು ಗಂಟೆಗೆ, ಎಂದಿನ ಹಾಗೆ, ಅಂಗಡಿ ಬಾಗಿಲು ತೆಗೆದೆ.